ಹಲ್ಲು ಕ್ಲೀನ್ ಮಾಡಿದ್ದಕ್ಕೆ ಹನ್ನೆರಡು ಸಾವಿರಾನಾ? ಬಳ್ಳಾರಿಯ ಒಂದು ಪುಟ್ಟ ನಾಯಿಯ ಬಿಲ್

ಪಕ್ಕದ ಮನೆ ಅಕ್ಕ ಕಾಂಪೌಂಡ್ ಆಚೆಯಿಂದ ಕೇಳಿದ ಪ್ರಶ್ನೆ ಇದು. "ಅಲ್ಲಪ್ಪಾ, ಹೋದ ತಿಂಗಳು ನಾನೂ ಹಲ್ಲು ಕ್ಲೀನ್ ಮಾಡಿಸ್ಕೊಂಡೆ. ಎಂಟು ನೂರು ಕೊಟ್ಟೆ. ನಿನ್ನ ನಾಯಿದು ನೋಡಿದ್ರೆ ಹಿಡಿಯಷ್ಟು ಬಾಯಿ ಐತೆ. ಅದಕ್ಕೆ ಹನ್ನೆರಡು ಸಾವಿರ ಯಾಕೆ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಒಳಗೆ ಹೋಗಿ ಫ್ರಿಜ್ ಮೇಲೆ ಮಡಚಿಟ್ಟಿದ್ದ ಬಿಲ್ ತೆಗೆದು, ದುಡ್ಡು ಕೊಟ್ಟ ಮೇಲೆ ಮೊದಲ ಸಲ, ಸಾಲು ಸಾಲಾಗಿ ಓದಿದೆ.

ನಾಯಿಯ ಹೆಸರು ಬೆಳ್ಳಿ. ಏಳು ವರ್ಷ, ನಾಲ್ಕು ಕಿಲೋ ಇನ್ನೂರು ಗ್ರಾಂ. ನಾವೆಲ್ಲ ಪಮೇರಿಯನ್ ಅಂತ ಕರೆಯುವ, ಆದರೆ ಹೆಚ್ಚಿನ ಸಲ ಇಂಡಿಯನ್ ಸ್ಪಿಟ್ಜ್ ಆಗಿರುವ ಬಿಳಿ ನಾಯಿ. ಬಳ್ಳಾರಿಯ ಗಾಂಧಿನಗರ, ಕಪ್ಪಗಲ್ ರಸ್ತೆಯ ಕಡೆ ಸಂಜೆ ಒಂದು ಸುತ್ತು ಹೊಡೆದರೆ ಇಂಥ ಪುಟ್ಟ ನಾಯಿಗಳೇ ಕಾಣುತ್ತವೆ. ಶಿಟ್ಜು, ಪಗ್, ಪಮೇರಿಯನ್. ಎರಡು ಕೋಣೆಯ ಮನೆಗೆ ಅವೇ ಸರಿ. ಮರಿ ತರುವಾಗ ಎಲ್ಲರೂ ಬೆಲೆ ಕೇಳುತ್ತಾರೆ, ಇಂಜೆಕ್ಷನ್ ಯಾವಾಗ ಅಂತ ಕೇಳುತ್ತಾರೆ, ಕೂದಲು ಉದುರುತ್ತಾ ಅಂತ ಕೇಳುತ್ತಾರೆ. ಹಲ್ಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಐದಾರು ವರ್ಷ ಕಳೆದ ಮೇಲೆ ಒಂದು ದಿನ ಅದು ನಿಮ್ಮ ಮುಖದ ಹತ್ತಿರ ಬಂದು ಆಕಳಿಸುತ್ತದೆ. ಆಗ ಗೊತ್ತಾಗುತ್ತದೆ.

ಬಿಲ್ಲಿನಲ್ಲಿ ಇದ್ದದ್ದು ಇಷ್ಟು. ರಕ್ತ ಪರೀಕ್ಷೆಗೆ 1,800. ಅನಸ್ತೇಶಿಯಾ, ಡ್ರಿಪ್, ಮಾನಿಟರ್ ಎಲ್ಲ ಸೇರಿ 4,000. ಸ್ಕೇಲಿಂಗ್ (ಹಲ್ಲಿಗೆ ಅಂಟಿದ ಗಟ್ಟಿ ಕೊಳೆ ತೆಗೆಯುವುದು) ಮತ್ತು ಪಾಲಿಶಿಂಗ್ 2,500. ಹಲ್ಲಿನ ಎಕ್ಸ್‌ರೇ 1,200. ಮೂರು ಹಲ್ಲು ಕಿತ್ತಿದ್ದಕ್ಕೆ 2,400. ಔಷಧಿ 700. ಒಟ್ಟು 12,600.

ಇದರಲ್ಲಿ ಅಕ್ಕ ಕೇಳಿದ 'ಕ್ಲೀನಿಂಗ್' ಅನ್ನೋದು ಬರೀ 2,500. ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲು ಬೇರೆ ಎರಡು ಕೆಲಸಗಳಿಗೆ ಹೋಗಿದೆ. ಒಂದು, ನಾಲ್ಕು ಕಿಲೋ ಜೀವವನ್ನು ಮಲಗಿಸಿ ಮತ್ತೆ ಎಬ್ಬಿಸುವುದು. ಇನ್ನೊಂದು, ನಾನು ತಡ ಮಾಡಿದ್ದು.

ಮಲಗಿಸುವ ಖರ್ಚು

ನಮಗೆ ಡಾಕ್ಟರು "ಬಾಯಿ ತೆಗೀರಿ" ಅಂದರೆ ತೆಗೆಯುತ್ತೇವೆ. ನಾಯಿ ತೆಗೆಯುವುದಿಲ್ಲ. ತೆಗೆದರೂ, ಸೆಕೆಂಡಿಗೆ ಇಪ್ಪತ್ತೈದು ಸಾವಿರ ಸಲದಷ್ಟು ನಡುಗುವ ಲೋಹದ ತುದಿಯನ್ನು ವಸಡಿನ ಕೆಳಗೆ ಹಾಕಿಸಿಕೊಂಡು ಮುಕ್ಕಾಲು ಗಂಟೆ ಸುಮ್ನೆ ಕೂರುವುದಿಲ್ಲ. ಸ್ಕೇಲರ್‌ನಿಂದ ನೀರು ಚಿಮ್ಮುತ್ತಿರುತ್ತದೆ. ಆ ನೀರಿನ ಜೊತೆ ಕೊಳೆ, ರಕ್ತ, ಬ್ಯಾಕ್ಟೀರಿಯಾ ಗಂಟಲಿಗೆ ಇಳಿಯುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಹಾಗಾಗಿ ಅನಸ್ತೇಶಿಯಾ ಕೊಟ್ಟು ಪೂರ್ತಿ ಮತ್ತು ಬರಿಸಿ, ಗಂಟಲಿಗೆ ಒಂದು ಟ್ಯೂಬ್ ಹಾಕಿ, ಅದರ ಸುತ್ತಲಿನ ಪುಟ್ಟ ಬಲೂನು ಉಬ್ಬಿಸಿ ಶ್ವಾಸನಾಳದ ಬಾಯಿ ಮುಚ್ಚುತ್ತಾರೆ. ಆ ಟ್ಯೂಬಿನಲ್ಲೇ ಆಮ್ಲಜನಕದ ಜೊತೆ, ನಾಯಿಯನ್ನು ನಿದ್ದೆಯಲ್ಲೇ ಇಡುವ ಐಸೋಫ್ಲೂರೇನ್ ಅನಿಲ ಹೋಗುತ್ತದೆ. ನಾಲಿಗೆಗೆ ಒಂದು ಕ್ಲಿಪ್, ಕಾಲಿಗೆ ಒಂದು ಸೂಜಿ. ಒಬ್ಬರು ಹಲ್ಲು ನೋಡಿದರೆ ಇನ್ನೊಬ್ಬರು ಉಸಿರು ನೋಡುತ್ತಾ ಕೂರಬೇಕು. ಎರಡನೆಯವರ ಸಂಬಳವೂ ನಿಮ್ಮ ಬಿಲ್ಲಿನಲ್ಲೇ ಇದೆ.

ನಾಯಿ ಚಿಕ್ಕದು, ಔಷಧಿ ಕಡಿಮೆ ಸಾಕು, ಹಾಗಾದರೆ ಖರ್ಚೂ ಕಡಿಮೆ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಔಷಧಿಯ ಮಟ್ಟಿಗೆ ಅದು ನಿಜ, ಒಂದಿಷ್ಟು ನೂರು ರೂಪಾಯಿ ಉಳಿಯುತ್ತದೆ. ಉಳಿದದ್ದೆಲ್ಲ ಉಲ್ಟಾ. ದೊಡ್ಡ ನಾಯಿಯ ಬಾಯಲ್ಲಿ 42 ಹಲ್ಲು, ಬೆಳ್ಳಿಯ ಬಾಯಲ್ಲೂ 42 ಹಲ್ಲು. ಮನುಷ್ಯರಿಗಿಂತ ಹತ್ತು ಜಾಸ್ತಿ. ಅಷ್ಟನ್ನೂ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಜೋಡಿಸಿದ ಹಾಗೆ ಇರುತ್ತದೆ. ಸಂತೆ ದಿನದ ಬಸ್ಸಿನ ಥರ ಒಂದರ ಮೇಲೊಂದು ಒತ್ತಿಕೊಂಡು, ಕೆಲವು ಓರೆಯಾಗಿ ನಿಂತಿರುತ್ತವೆ. ಆ ಸಂದಿಗಳಲ್ಲೇ ಕೊಳೆ ಕೂರುವುದು.

ಜೊತೆಗೆ ಸಣ್ಣ ಮೈ ಬೇಗ ತಣ್ಣಗಾಗುತ್ತದೆ. ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ತಮಾಷೆ ಮಾಡುತ್ತೇವೆ. ಅಂಥ ಊರಿನ ನಾಯಿಗೆ ಆಪರೇಷನ್ ಟೇಬಲ್ ಮೇಲೆ ಚಳಿ ಹತ್ತುತ್ತದೆ ಅಂದರೆ ನಗು ಬರುತ್ತದೆ. ಆದರೆ ಮತ್ತಿನಲ್ಲಿರುವ ದೇಹಕ್ಕೆ ತನ್ನ ಬಿಸಿ ಕಾಪಾಡಿಕೊಳ್ಳೋಕೆ ಆಗುವುದಿಲ್ಲ. ಕೆಳಗೆ ತಣ್ಣನೆ ಟೇಬಲ್, ಬಾಯಲ್ಲಿ ತಣ್ಣನೆ ನೀರು. ನಾಯಿಯ ಮೈ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದು ಇಳಿಯುತ್ತಾ ಹೋದರೆ ಎಚ್ಚರವಾಗುವುದು ತಡವಾಗುತ್ತದೆ. ಹೀಗಾಗಿ ಬಿಸಿ ಹಾಸು ಬೇಕು. ತೀರಾ ಸಣ್ಣ ನಾಯಿಗಳಿಗೆ ಹೊಟ್ಟೆ ಖಾಲಿ ಇದ್ದಾಗ ರಕ್ತದ ಸಕ್ಕರೆ ಅಂಶ ಕುಸಿಯಬಹುದು, ಅದನ್ನೂ ನೋಡುತ್ತಿರಬೇಕು. ಪಮೇರಿಯನ್‌ಗಳ ಶ್ವಾಸನಾಳ ಮೆತ್ತಗಾಗಿ ಕುಸಿಯುವುದುಂಟು. ಪಗ್, ಶಿಟ್ಜುಗಳಿಗೆ ಮೂಗು ಗಿಡ್ಡ, ಎಚ್ಚರವಿದ್ದಾಗಲೇ ಗೊರ ಗೊರ ಉಸಿರಾಟ. ಟ್ಯೂಬ್ ತೆಗೆದ ಮೇಲೆ ಅವನ್ನು ಇನ್ನೂ ಹೊತ್ತು ಕಾಯಬೇಕು.

ಅನಸ್ತೇಶಿಯಾದಲ್ಲಿ ನಾಯಿ ಸತ್ತು ಹೋದರೆ ಅನ್ನುವುದೇ ಬಹಳ ಜನರ ದೊಡ್ಡ ಹೆದರಿಕೆ. ದುಡ್ಡಿನ ಚಿಂತೆ ಆಮೇಲಿನದು. ಬ್ರಿಟನ್ನಿನಲ್ಲಿ ಸುಮಾರು 98 ಸಾವಿರ ನಾಯಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅದರ ಪ್ರಕಾರ ಆರೋಗ್ಯವಾಗಿದ್ದ ನಾಯಿಗಳಲ್ಲಿ ಸತ್ತದ್ದು ಸುಮಾರು 1,850ಕ್ಕೆ ಒಂದು. ಮೊದಲೇ ಕಾಯಿಲೆ ಇದ್ದ ನಾಯಿಗಳಲ್ಲಿ 75ಕ್ಕೆ ಒಂದು. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿ. ನಿಮ್ಮ ನಾಯಿ ಯಾವ ಗುಂಪಿನದು ಅಂತ ಮೊದಲೇ ತಿಳಿಯುವುದಕ್ಕೇ ಆ 1,800 ರೂಪಾಯಿಯ ರಕ್ತ ಪರೀಕ್ಷೆ. ಬಿಲ್ಲಿನಲ್ಲಿ ಜನ ಮೊದಲು ಬೇಡ ಅನ್ನುವುದೂ ಅದನ್ನೇ.

ನಮ್ಮ ಕಡೆ ಅದನ್ನು ಬಿಡಲೇಬಾರದು ಅನ್ನೋಕೆ ಇನ್ನೊಂದು ಕಾರಣ ಇದೆ. ಉಣ್ಣಿ. ಈ ಬಿಸಿಲು ನಾಡಿನಲ್ಲಿ ಕಂದು ನಾಯಿ ಉಣ್ಣಿಗೆ ವರ್ಷವಿಡೀ ಹಬ್ಬ. ಅದು ಕಚ್ಚಿ ಹರಡುವ ಎರ್ಲಿಕಿಯಾ ಅನ್ನುವ ಜ್ವರ ನಾಯಿಯ ರಕ್ತದ ಪ್ಲೇಟ್‌ಲೆಟ್ ಇಳಿಸುತ್ತದೆ. ಹೊರಗಿನಿಂದ ನಾಯಿ ಚೆನ್ನಾಗೇ ಇರುತ್ತದೆ, ಊಟ ಮಾಡುತ್ತದೆ, ಗೇಟಿಗೆ ಓಡಿ ಬೊಗಳುತ್ತದೆ. ಆದರೆ ಹಲ್ಲು ಕಿತ್ತರೆ ರಕ್ತ ನಿಲ್ಲುವುದಿಲ್ಲ. ಡೆಂಗಿ ಬಂದಾಗ ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ ಎಷ್ಟು ಅಂತ ದಿನಕ್ಕೆರಡು ಸಲ ಕೇಳುವ ನಾವು, ನಾಯಿಯ ವಿಷಯದಲ್ಲಿ ಅದನ್ನು ಒಂದು ಸಲವಾದರೂ ಕೇಳಬೇಕು ಅಲ್ವಾ?

ಕಾಣದ ಅರ್ಧ

ಈಗ ನಾನು ತಡ ಮಾಡಿದ ಪಾಲಿಗೆ ಬರೋಣ. ಇದು ಹೇಳಲು ಸ್ವಲ್ಪ ನಾಚಿಕೆಯ ವಿಷಯ.

ಎರಡು ವರ್ಷದ ಹಿಂದೆ, ಬೆಳ್ಳಿಗೆ ಐದು ವರ್ಷವಾಗಿದ್ದಾಗ, ಬಾಯಿ ವಾಸನೆ ಶುರುವಾಯಿತು. ಊರಲ್ಲೇ ಒಬ್ಬರು ನಾಯಿಯನ್ನು ಮಲಗಿಸದೆಯೇ ಹಲ್ಲು ಕ್ಲೀನ್ ಮಾಡುತ್ತಾರೆ ಅಂತ ಗೊತ್ತಾಯಿತು. ಆರು ನೂರು ರೂಪಾಯಿ. ಅವರು ಬೆಳ್ಳಿಯನ್ನು ಟವೆಲ್‌ನಲ್ಲಿ ಸುತ್ತಿದರು. ನಾನು ತಲೆ ಹಿಡಿದುಕೊಂಡೆ. ಚೂಪಾದ ಕೊಕ್ಕೆಯಂಥ ಕಡ್ಡಿಯಲ್ಲಿ ಕೋರೆಹಲ್ಲಿನ ಮೇಲಿದ್ದ ಹಳದಿ ಗಾರೆಯನ್ನು ಚಟ್ ಅಂತ ಎಬ್ಬಿಸಿದರು. ಅದು ಹುರಿದ ಕಡಲೆಯ ಸಿಪ್ಪೆಯ ಹಾಗೆ ಹಾರಿ ನನ್ನ ಅಂಗಿಯ ಮೇಲೆ ಬಿತ್ತು. ಹತ್ತು ನಿಮಿಷದಲ್ಲಿ ಮುಂದಿನ ಹಲ್ಲುಗಳು ಮುತ್ತಿನ ಹಾಗೆ ಆದವು. ಎಷ್ಟು ಖುಷಿಯಾಯಿತು ಅಂದರೆ ಫೋಟೋ ತೆಗೆದು ಸ್ಟೇಟಸ್ ಹಾಕಿದೆ.

ಮೂರೇ ತಿಂಗಳಿಗೆ ವಾಸನೆ ವಾಪಸ್ ಬಂತು, ಮೊದಲಿಗಿಂತ ಜಾಸ್ತಿ.

ಆಗಿದ್ದೇನು ಅಂದರೆ, ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ವಸಡಿನ ಒಳಗಿರುತ್ತದೆ. ಕಾಯಿಲೆ ನಡೆಯುವುದೂ ಅಲ್ಲೇ. ಊಟವಾದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಮೆತ್ತನೆ ಪಾಚಿ ಕೂರುತ್ತದೆ. ಉಜ್ಜದೆ ಬಿಟ್ಟರೆ ಎರಡು ಮೂರು ದಿನದಲ್ಲಿ ಜೊಲ್ಲಿನಲ್ಲಿರುವ ಖನಿಜ ಸೇರಿಕೊಂಡು ಗಾರೆಯಾಗಿ ಗಟ್ಟಿಯಾಗುತ್ತದೆ. ಆಮೇಲೆ ಬ್ರಶ್‌ಗೆ ಬಗ್ಗುವುದಿಲ್ಲ. ಪಾಚಿ ವಸಡಿನ ಅಂಚಿನ ಕೆಳಗೆ ಇಳಿದಾಗ ದೇಹ ಅದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಆ ಜಗಳದಲ್ಲಿ ಹಲ್ಲನ್ನು ಹಿಡಿದಿಟ್ಟ ಮೂಳೆಯೇ ಕರಗುತ್ತದೆ. ನಾಯಿಗೆ ನಮ್ಮ ಹಾಗೆ ಹುಳುಕು ಹಲ್ಲು ಅಪರೂಪ. ಅದರ ಹಲ್ಲು ಚೆನ್ನಾಗೇ ಇರುತ್ತದೆ, ಹಲ್ಲಿನ ಕೆಳಗಿನ ನೆಲ ಕುಸಿಯುತ್ತದೆ.

ಆ ಆರು ನೂರು ರೂಪಾಯಿಯ ಕೆಲಸದಲ್ಲಿ ಹೋದದ್ದು ಮೇಲಿನ ಗಾರೆ ಮಾತ್ರ. ಒಳಗಿನದು ಹಾಗೇ ಉಳಿಯಿತು. ನಾಯಿಯ ಹಲ್ಲಿನ ಎನಾಮೆಲ್ ಒಂದು ಮಿಲಿಮೀಟರೂ ಇರುವುದಿಲ್ಲ. ಕಡ್ಡಿಯಿಂದ ಕೆರೆದಾಗ ಅದರ ಮೇಲೆ ಗೀರು ಬೀಳುತ್ತದೆ. ಪಾಲಿಶ್ ಮಾಡದೆ ಬಿಟ್ಟರೆ ಆ ಒರಟು ಮೈಗೆ ಪಾಚಿ ಇನ್ನೂ ಬೇಗ ಅಂಟುತ್ತದೆ. ಅಮೆರಿಕದ ಪಶು ದಂತವೈದ್ಯರ ಮಂಡಳಿಯೂ, ಜಾಗತಿಕ ಸಣ್ಣ ಪ್ರಾಣಿ ಪಶುವೈದ್ಯರ ಸಂಘವೂ ಮಲಗಿಸದೆ ಮಾಡುವ ಕ್ಲೀನಿಂಗ್ ಬೇಡ ಅಂತ ಹೇಳಿರುವುದು ಇದಕ್ಕೇ. ನಾನು ಅದನ್ನು ಓದಿದ್ದು ಎರಡು ವರ್ಷ ತಡವಾಗಿ. ಬಿಳಿ ಹಲ್ಲು ನೋಡಿ ಎಲ್ಲ ಸರಿಯಾಯಿತು ಅಂತ ನೆಮ್ಮದಿಯಾಗಿದ್ದೆ. ನನ್ನ ಪ್ರಕಾರ ಆ ಕೆಲಸದ ನಿಜವಾದ ಬೆಲೆ ಆ ಸುಳ್ಳು ನೆಮ್ಮದಿ.

ಕೊನೆಗೆ ಬೆಳ್ಳಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರು ಎಕ್ಸ್‌ರೇ ಪರದೆ ತೋರಿಸಿದರು. ವಸಡು ಮತ್ತು ಹಲ್ಲಿನ ನಡುವಿನ ಸಂದಿ ನಾಯಿಯಲ್ಲಿ ಹೆಚ್ಚೆಂದರೆ ಮೂರು ಮಿಲಿಮೀಟರ್ ಇರಬಹುದು. ಬೆಳ್ಳಿಗೆ ಒಂದು ಕಡೆ ಏಳು ಇತ್ತು. ಅಳತೆ ಕಡ್ಡಿ ಇಳಿಯುತ್ತಲೇ ಹೋಯಿತು ಅಂದರು. ವಸಡಿನ ಕಾಯಿಲೆಯನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದಲ್ಲಿ ಬರೀ ವಸಡು ಕೆಂಪಗಾಗಿರುತ್ತದೆ, ಕ್ಲೀನ್ ಮಾಡಿದರೆ ಪೂರ್ತಿ ಸರಿಹೋಗುತ್ತದೆ. ಆಮೇಲಿನ ಮೂರರಲ್ಲಿ ಹೋದ ಮೂಳೆ ತಾನಾಗಿ ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಆಸರೆ ಹೋಗಿದ್ದರೆ ಅದು ನಾಲ್ಕನೆಯದು. ಬೆಳ್ಳಿಯ ಮೂರು ಹಲ್ಲು ಅಲ್ಲಿದ್ದವು.

ಎಕ್ಸ್‌ರೇ ಸುಮ್ನೆ ಬಿಲ್ ಹಿಗ್ಗಿಸೋಕೆ ಅಂತ ನನಗೆ ಅನುಮಾನ ಇತ್ತು. ಅವರು ಹೇಳಿದ ಮೇಲೆ ಹೋಯಿತು. ಸಣ್ಣ ನಾಯಿಯ ಕೆಳದವಡೆ ಪೆನ್ಸಿಲ್‌ನಷ್ಟು ತೆಳು, ಆದರೆ ಅಲ್ಲಿನ ದೊಡ್ಡ ದವಡೆ ಹಲ್ಲಿನ ಬೇರು ಮೂಳೆಯ ತಳದವರೆಗೂ ಇಳಿದಿರುತ್ತದೆ. ಸುತ್ತಲ ಮೂಳೆ ಕರಗಿದ್ದಾಗ ನೋಡದೆ ಹಲ್ಲು ಎಳೆದರೆ ದವಡೆಯೇ ಮುರಿಯಬಹುದು. ಕೆಲವು ಸಲ ಏನೂ ಮಾಡದೆ, ಆಟಿಕೆ ಕಚ್ಚಿದಾಗಲೇ ಮುರಿಯುವುದೂ ಉಂಟು. ಮೇಲಿನ ಕೋರೆಹಲ್ಲಿನದು ಇನ್ನೊಂದು ಕಥೆ. ಅಲ್ಲಿ ಮೂಳೆ ಕರಗಿದರೆ ಬಾಯಿಯಿಂದ ಮೂಗಿಗೆ ತೂತು ಬೀಳುತ್ತದೆ. ನೀರು ಕುಡಿದ ಮೇಲೆ ಸೀನುವ ವಯಸ್ಸಾದ ಪುಟ್ಟ ನಾಯಿಗಳನ್ನು ನೋಡಿದ್ದೀರಾ? ಶೀತ ಅಂತ ಬಿಡುತ್ತೇವೆ.

ಊರಲ್ಲೇ ಯಾಕೆ ಆಗಲ್ಲ

ಬಿಲ್ 12,600 ಅಂದೆ. ಅದು ಆಸ್ಪತ್ರೆಯದು ಮಾತ್ರ. ಟ್ಯಾಕ್ಸಿಗೆ ಒಂಬತ್ತು ಸಾವಿರ ಬೇರೆ. ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು ಮೇಲೆ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್ ದಾಟುತ್ತದೆ. ಬೆಳಗ್ಗೆ ಹತ್ತಕ್ಕೆ ಅಪಾಯಿಂಟ್‌ಮೆಂಟ್. ಅಷ್ಟೊತ್ತಿಗೆ ನಾಯಿಯ ಹೊಟ್ಟೆ ಖಾಲಿ ಇರಬೇಕು. ರಾತ್ರಿ ಎರಡು ಗಂಟೆಗೆ ಹೊರಟೆವು. ಚಳ್ಳಕೆರೆ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ಬಿಸ್ಕೆಟ್ ಪೊಟ್ಟಣದ ಸದ್ದು ಕೇಳಿ ಬೆಳ್ಳಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ರೈಲಿನಲ್ಲಿ ಹೋಗಬಹುದಿತ್ತಲ್ಲ ಅನ್ನಬಹುದು. ರೈಲ್ವೆ ನಿಯಮದಲ್ಲಿ ನಾಯಿ ನಮ್ಮ ಜೊತೆ ಬರಬೇಕಾದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಮಗೇ ಸಿಗಬೇಕು. ಇಲ್ಲದಿದ್ದರೆ ಗಾರ್ಡ್ ವ್ಯಾನಿನ ನಾಯಿ ಪೆಟ್ಟಿಗೆ. ಏಪ್ರಿಲ್ ತಿಂಗಳಲ್ಲಿ ಆ ಪೆಟ್ಟಿಗೆಗೆ ಹಾಕುವ ಧೈರ್ಯ ನನಗಿರಲಿಲ್ಲ.

ಹೊರಡುವ ಮೊದಲು ಊರಲ್ಲಿ ನಾಲ್ಕು ಕಡೆ ವಿಚಾರಿಸಿದ್ದೆ. ಒಂದು ಕಡೆ ಮಲಗಿಸದೆ ಮಾಡುತ್ತೇವೆ ಅಂದರು. ಒಂದು ಕಡೆ ಇಂಜೆಕ್ಷನ್ ಕೊಟ್ಟು ಮಲಗಿಸುತ್ತೇವೆ, ಆದರೆ ಟ್ಯೂಬ್, ಗ್ಯಾಸ್, ಹಲ್ಲಿನ ಎಕ್ಸ್‌ರೇ ಇಲ್ಲ ಅಂದರು. ಮೂರನೆಯವರು ಬೆಂಗಳೂರಿಗೆ ಹೋಗಿ ಅಂತ ನೇರವಾಗಿ ಹೇಳಿದರು. ಈ ಮೂರನೆಯವರ ಬಗ್ಗೆ ನನಗೆ ಗೌರವ ಜಾಸ್ತಿಯಾಯಿತು.

ನಾಲ್ಕನೆಯವರು ಸರ್ಕಾರಿ ಪಶುವೈದ್ಯರು. ನಕ್ಕುಬಿಟ್ಟರು. "ಹಲ್ಲು ನೋಡಿ ಕುರಿ ವಯಸ್ಸು ಹೇಳು ಅಂದ್ರೆ ಹೇಳ್ತೀನ್ರಿ. ಹಲ್ಲು ಕ್ಲೀನ್ ಮಾಡೋ ಮಷೀನ್ ಎಲ್ಲಿಂದ ತರ್ಲಿ?" ಅವರ ಮಾತಲ್ಲಿ ತಪ್ಪಿಲ್ಲ. ನಮ್ಮ ಕಡೆ ಪಶು ಆಸ್ಪತ್ರೆ ಅಂದರೆ ಕುರಿ, ಮೇಕೆ, ದನ, ಎಮ್ಮೆ. ಸಂತೆಯಲ್ಲಿ ಕುರಿಯ ತುಟಿ ಎತ್ತಿ ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಅಂತ ನೋಡಿ ಬೆಲೆ ಕಟ್ಟುವ ಜನ ನಾವು. ಅಲ್ಲೂ ನೋಡುವುದು ಕೆಳಗಿನ ಸಾಲು ಮಾತ್ರ, ಕುರಿಗೆ ಮೇಲಿನ ಮುಂದಿನ ಹಲ್ಲೇ ಇಲ್ಲ. ಕಾಲುಬಾಯಿ ಜ್ವರದ ಲಸಿಕೆ ಹಾಕೋಕೆ ಹಳ್ಳಿ ಹಳ್ಳಿ ಸುತ್ತುವ ವೈದ್ಯರ ಹತ್ತಿರ, ನನ್ನ ಪುಟ್ಟ ನಾಯಿಯ ಹಲ್ಲಿಗೆ ಪಾಲಿಶ್ ಹಾಕಿ ಅಂತ ಕೇಳುವಾಗ ನನಗೇ ಸ್ವಲ್ಪ ಹೇಗೋ ಆಯಿತು. ಸರ್ಕಾರದ ದುಡ್ಡು ಮೊದಲು ಕುರಿಗೇ ಹೋಗಲಿ.

ಹಾಗಾದರೆ ಖಾಸಗಿ ಕ್ಲಿನಿಕ್‌ಗಳು ಯಾಕೆ ಶುರು ಮಾಡುವುದಿಲ್ಲ? ಇದರ ಲೆಕ್ಕ ಕುತೂಹಲದ್ದು. ಸ್ಕೇಲರ್ ಏನೂ ದುಬಾರಿ ಅಲ್ಲ. ನಮ್ಮ ಹಲ್ಲಿನ ಡಾಕ್ಟರ ಹತ್ತಿರ ಇರುವಂಥದ್ದೇ ನಾಯಿಗೂ ನಡೆಯುತ್ತದೆ, ಹತ್ತು ಹದಿನೈದು ಸಾವಿರಕ್ಕೆ ಸಿಗುತ್ತದೆ. ದುಬಾರಿ ಇರುವುದು ಗ್ಯಾಸ್ ಅನಸ್ತೇಶಿಯಾ ಯಂತ್ರ, ಮಾನಿಟರ್, ಹಲ್ಲಿನ ಡಿಜಿಟಲ್ ಎಕ್ಸ್‌ರೇ. ಅದು ಲಕ್ಷಗಳ ಮಾತು. ಲೆಕ್ಕಕ್ಕೆ ಮೂರು ಲಕ್ಷ ಅಂತ ಇಟ್ಟುಕೊಳ್ಳೋಣ, ಐದು ವರ್ಷ ಬಾಳುತ್ತದೆ ಅನ್ನೋಣ. ತಿಂಗಳಿಗೆ ಒಂದೇ ನಾಯಿ ಬಂದರೆ ಐದು ವರ್ಷಕ್ಕೆ 60 ನಾಯಿ. ಒಂದೊಂದರ ತಲೆ ಮೇಲೆ ಯಂತ್ರದ ಖರ್ಚೇ 5,000 ರೂಪಾಯಿ. ಅದೇ ವಾರಕ್ಕೆ ಎರಡು ಬಂದರೆ 520 ನಾಯಿ, ತಲೆಗೆ 600 ರೂಪಾಯಿಯೂ ಬೀಳುವುದಿಲ್ಲ. ಅದೇ ಯಂತ್ರ, ಅದೇ ಡಾಕ್ಟರು. ಬೆಲೆ ಇಳಿಸುವುದು ಸಾಲಿನಲ್ಲಿ ನಿಂತ ನಾಯಿಗಳ ಸಂಖ್ಯೆ.

ಬೆಂಗಳೂರಿನ ಕ್ಲಿನಿಕ್ ಮುಂದೆ ಆ ಸಾಲು ಇದೆ. ಬಳ್ಳಾರಿಯಲ್ಲಿ ಇಲ್ಲ. ಜನ ಕೇಳುವುದಿಲ್ಲ, ಅದಕ್ಕೆ ಕ್ಲಿನಿಕ್ ಯಂತ್ರ ತರುವುದಿಲ್ಲ. ಯಂತ್ರ ಇಲ್ಲ, ಅದಕ್ಕೆ ಜನಕ್ಕೆ ಇಂಥದ್ದೊಂದು ಇದೆ ಅಂತಲೇ ಗೊತ್ತಾಗುವುದಿಲ್ಲ. ನಡುವೆ ಆರು ನೂರು ರೂಪಾಯಿಯ ಕೊಕ್ಕೆ ಕಡ್ಡಿ ಜಾಗ ಹಿಡಿಯುತ್ತದೆ. ಹೊಸಪೇಟೆ, ತೋರಣಗಲ್ಲು, ಗಂಗಾವತಿ, ಸಿಂಧನೂರು, ರಾಯಚೂರು ಎಲ್ಲ ಸೇರಿಸಿದರೆ ವಾರಕ್ಕೆ ಎರಡು ನಾಯಿ ಸಿಗುವುದು ಕಷ್ಟ ಅಂತ ನನಗೆ ಅನ್ನಿಸುವುದಿಲ್ಲ. ಯಾರಾದರೂ ಒಬ್ಬ ಯುವ ಪಶುವೈದ್ಯರು ತಿಂಗಳಲ್ಲಿ ಎರಡು ಭಾನುವಾರ ಹಲ್ಲಿಗೇ ಅಂತ ಮೀಸಲಿಟ್ಟು, ಒಂದು ದಿನಕ್ಕೆ ನಾಲ್ಕು ನಾಯಿ ಅಂತ ಶುರು ಮಾಡಿದರೆ ಸಾಕು. ಒಂಬತ್ತು ಸಾವಿರದ ಟ್ಯಾಕ್ಸಿ ಉಳಿಯುತ್ತದೆ ಅಂದರೆ ಜನ ಬರುತ್ತಾರೆ. ನಾನಂತೂ ಹೋಗುತ್ತೇನೆ.

ಒಂದು ಸಣ್ಣ ಸಮಾಧಾನ, ಪಶು ಕ್ಲಿನಿಕ್‌ನ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಚಿಕಿತ್ಸೆಯ ಬಿಲ್ಲಿನಲ್ಲಿ ಆ ಸಾಲು ಕಂಡರೆ ಯಾಕೆ ಅಂತ ಕೇಳಿ. ವಿಮೆಯ ಮೇಲೆ ಆಸೆ ಇಡಬೇಡಿ. ನಾಯಿಗೆ ಸಿಗುವ ಪಾಲಿಸಿಗಳು ಸಾಮಾನ್ಯವಾಗಿ ಮಾಮೂಲಿ ಹಲ್ಲು ಕ್ಲೀನಿಂಗ್ ಅನ್ನು ಹೊರಗೇ ಇಡುತ್ತವೆ.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ 2019ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಸಣ್ಣ ನಾಯಿಗೆ ಒಂದು ವರ್ಷ ತುಂಬುವ ಹೊತ್ತಿಗೇ ಮೊದಲ ಕ್ಲೀನಿಂಗ್ ಆಗಬೇಕು ಅಂತ ಇದೆ. ವೈದ್ಯಕೀಯವಾಗಿ ಅದು ಸರಿಯೇ. ಆದರೆ ಜೀನ್ಸ್ ಹೊಲಿಯುವ ಮನೆಯವರಿಗೆ, ಸಂಬಳಕ್ಕೆ ದುಡಿಯುವ ನನ್ನಂಥವನಿಗೆ ವರ್ಷ ವರ್ಷ ಇಪ್ಪತ್ತು ಸಾವಿರ ತೆಗೆದಿಡು ಅಂದರೆ ಆಗುವ ಮಾತಲ್ಲ. ನನ್ನ ಲೆಕ್ಕ ಬೇರೆ. ವರ್ಷಕ್ಕೊಮ್ಮೆ, ರೇಬೀಸ್ ಇಂಜೆಕ್ಷನ್‌ಗೆ ಹೋದಾಗ, ತುಟಿ ಎತ್ತಿ ನೋಡಿ ಅಂತ ಡಾಕ್ಟರಿಗೆ ಹೇಳುವುದು. ಇದಕ್ಕೆ ಬೇರೆ ಖರ್ಚಿಲ್ಲ. ವಸಡಿನ ಅಂಚು ಕೆಂಪಗಿದೆ ಅಂದರೆ ಆಗಲೇ ದಿನ ಗೊತ್ತು ಮಾಡುವುದು. ನನ್ನ ಬಿಲ್ಲಿನಲ್ಲಿ ಹಲ್ಲು ಕಿತ್ತಿದ್ದಕ್ಕೆ ಹೋದ 2,400 ಮತ್ತು ಔಷಧಿಯ ಬಹುಪಾಲು ಆಗ ಬರುತ್ತಲೇ ಇರಲಿಲ್ಲ. ಮತ್ತಿನಲ್ಲಿ ಇರಬೇಕಾದ ಹೊತ್ತೂ ಕಡಿಮೆಯಾಗುತ್ತಿತ್ತು.

ಮರಿ ಇರುವವರಿಗೆ ಒಂದು ಮಾತು. ಸಣ್ಣ ತಳಿಗಳಲ್ಲಿ ಹಾಲುಹಲ್ಲು ಬೀಳದೆ ಉಳಿದು, ಹೊಸ ಕೋರೆಹಲ್ಲು ಅದರ ಪಕ್ಕದಲ್ಲೇ ಬರುವುದು ಮಾಮೂಲು. ಎರಡರ ನಡುವೆ ಕೊಳೆ ಕೂರುತ್ತದೆ. ಆರೇಳು ತಿಂಗಳಿಗೆ ಬಾಯಿ ನೋಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದಿದ್ದರೆ ಅದೇ ಮತ್ತಿನಲ್ಲಿ ಹಾಲುಹಲ್ಲನ್ನೂ ತೆಗೆಸಬಹುದು. ಒಂದೇ ಅನಸ್ತೇಶಿಯಾದಲ್ಲಿ ಎರಡು ಕೆಲಸ.

ಇನ್ನು ನಮ್ಮ ಮನೆಗಳಲ್ಲಿ ಓಡಾಡುವ ಉಪಾಯಗಳು. ಖಡಕ್ ರೊಟ್ಟಿ ಕೊಡಿ, ಕಡಿದು ಕಡಿದು ಹಲ್ಲು ಕ್ಲೀನ್ ಆಗುತ್ತೆ ಅನ್ನುತ್ತಾರೆ. ಆಗುವುದಿಲ್ಲ. ರೊಟ್ಟಿ ಹಲ್ಲಿನ ತುದಿ ತಾಗಿದ ಕೂಡಲೇ ಪುಡಿಯಾಗುತ್ತದೆ, ವಸಡಿನ ಅಂಚಿಗೆ ಉಜ್ಜುವುದೇ ಇಲ್ಲ. ಬಿರಿಯಾನಿಯ ಮೂಳೆ ಇನ್ನೂ ಅಪಾಯ. ಮೇಲ್ದವಡೆಯ ದೊಡ್ಡ ಹಲ್ಲು ಚಕ್ಕೆಯಾಗಿ ಸೀಳಬಹುದು, ಆಮೇಲೆ ಕಣ್ಣಿನ ಕೆಳಗೆ ಬಾವು ಬರಬಹುದು. ಕಣ್ಣಿನ ಡ್ರಾಪ್ಸ್ ಹಾಕುತ್ತಾ ಕೂರುತ್ತೇವೆ. ಬೋರ್ ನೀರಿಂದ ಹಳದಿಯಾಗಿದೆ ಅನ್ನುವ ಮಾತೂ ಉಂಟು. ನಮ್ಮ ಭಾಗದ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ನಿಜ, ಮಕ್ಕಳ ಹಲ್ಲಿನಲ್ಲಿ ಅದರ ಕಲೆ ಕಾಣುತ್ತೇವೆ. ಆದರೆ ಆ ಕಲೆ ಹಲ್ಲಿನ ಒಳಗೇ ಇರುತ್ತದೆ. ನಾಯಿಯ ಹಲ್ಲಿನ ಮೇಲೆ ಪದರವಾಗಿ ಕೂತದ್ದು, ಉಗುರಿಗೆ ತಾಗುವಂಥದ್ದು, ಗಾರೆ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಬ್ರಶ್. ದಿನಾ, ಆಗದಿದ್ದರೆ ವಾರಕ್ಕೆ ಮೂರು ಸಲವಾದರೂ. ಒಳಭಾಗಕ್ಕೆ ಕೈ ಹಾಕಿ ಕಚ್ಚಿಸಿಕೊಳ್ಳುವುದು ಬೇಡ, ಕೆನ್ನೆಯ ಕಡೆಯ ಮೈ ಉಜ್ಜಿದರೆ ಸಾಕು. ಚಿಕ್ಕ ಮಕ್ಕಳ ಮೆತ್ತನೆ ಬ್ರಶ್ ನಡೆಯುತ್ತದೆ. ನಮ್ಮ ಪೇಸ್ಟ್ ಮಾತ್ರ ಬೇಡವೇ ಬೇಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆ ಹಾಕುವ ಜೈಲಿಟಾಲ್ ನಾಯಿಗೆ ವಿಷ, ಸಕ್ಕರೆ ಅಂಶ ಇಳಿಸಿ ಲಿವರ್ ಕೆಡಿಸುತ್ತದೆ. ಬ್ರಶ್ ಮಾಡಿದರೆ ಕ್ಲೀನಿಂಗ್ ಬೇಕೇ ಆಗುವುದಿಲ್ಲ ಅಂತಲ್ಲ. ಎರಡು ಕ್ಲೀನಿಂಗ್‌ಗಳ ನಡುವಿನ ಅಂತರ ಹೆಚ್ಚುತ್ತದೆ, ಅಷ್ಟೇ. ಬೆಳ್ಳಿಗೆ ಶುರುವಿನಲ್ಲಿ ಬೆರಳಿಗೆ ಚಿಕನ್ ಸೂಪು ಹಚ್ಚಿ ರೂಢಿ ಮಾಡಿಸಿದೆ. ಈಗ ರಾತ್ರಿ ಟಿವಿ ಮುಂದೆ ನಲವತ್ತು ಸೆಕೆಂಡ್ ತಡೆದುಕೊಳ್ಳುತ್ತದೆ. ನಲವತ್ತೊಂದನೇ ಸೆಕೆಂಡಿಗೆ ಗುರ್ ಅನ್ನುತ್ತದೆ.

ಆಸ್ಪತ್ರೆಗೆ ಹೋಗುವವರು ಫೋನಿನಲ್ಲಿ "ಕ್ಲೀನಿಂಗ್ ಎಷ್ಟು?" ಅಂತ ಕೇಳಿದರೆ ಉಪಯೋಗವಿಲ್ಲ. ಒಬ್ಬರು 3,000 ಅನ್ನುತ್ತಾರೆ, ಇನ್ನೊಬ್ಬರು 9,000 ಅನ್ನುತ್ತಾರೆ, ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಕೆಲಸ. ಹೀಗೆ ಕೇಳಿ: ರಕ್ತ ಪರೀಕ್ಷೆ ಸೇರಿದೆಯಾ, ಗಂಟಲಿಗೆ ಟ್ಯೂಬ್ ಹಾಕುತ್ತೀರಾ, ಉಸಿರು ನೋಡೋಕೆ ಬೇರೆಯವರು ಇರುತ್ತಾರಾ, ವಸಡಿನ ಕೆಳಗೂ ಮಾಡುತ್ತೀರಾ, ಪಾಲಿಶ್ ಇದೆಯಾ, ಹಲ್ಲು ಕೀಳಬೇಕಾದರೆ ಒಂದಕ್ಕೆ ಎಷ್ಟು, ಕೀಳುವ ಮೊದಲು ನನಗೆ ಫೋನ್ ಮಾಡುತ್ತೀರಾ. ಕೊನೆಯ ಪ್ರಶ್ನೆ ಕೇಳದ್ದಕ್ಕೆ ನನಗೆ 2,400ರ ಸಾಲು ಬಿಲ್ ಕೈಗೆ ಬಂದಾಗಲೇ ಗೊತ್ತಾಗಿದ್ದು. ಅವರ ಕಡೆಯಿಂದಲೂ ಇದು ತಪ್ಪು. ಮಲಗಿಸಿದ ಮೇಲಷ್ಟೇ ಒಳಗಿನದು ಕಾಣುತ್ತದೆ ಅನ್ನುವುದು ಸರಿ, ಆದರೆ ಒಂದು ಫೋನಿಗೆ ಎಷ್ಟು ಹೊತ್ತು ಬೇಕು? ಕಡಿಮೆಯಿಂದ ಜಾಸ್ತಿಯವರೆಗೆ ಎಷ್ಟಾಗಬಹುದು ಅಂತ ಮೊದಲೇ ಬರೆದುಕೊಟ್ಟರೆ ಜನಕ್ಕೆ ಲೂಟಿ ಅನ್ನಿಸುವುದಿಲ್ಲ.

ಇಷ್ಟನ್ನೂ ಪಕ್ಕದ ಮನೆ ಅಕ್ಕನಿಗೆ ಹೇಳಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೆ ಮಾರನೇ ವಾರ ತಮ್ಮ ಶಿಟ್ಜುವನ್ನು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಎರಡು ಲಕ್ಷದ ಮೇಲೆ ಇರಬೇಕಾದ ಪ್ಲೇಟ್‌ಲೆಟ್ ಅರವತ್ತೆರಡು ಸಾವಿರ. ಡಾಕ್ಟರು ಉಣ್ಣಿ ಜ್ವರಕ್ಕೆ ಅಂತ ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನಕ್ಕೆ ಬರೆದುಕೊಟ್ಟು, ಹಲ್ಲಿನ ಮಾತು ಆಮೇಲೆ ಅಂದಿದ್ದಾರೆ. ನಿನ್ನೆ ಸಂಜೆ ನೋಡಿದೆ. ಅಕ್ಕ ಮೊಬೈಲ್ ಟಾರ್ಚ್ ಹಿಡಿದು ಕಾಂಪೌಂಡ್ ಗೋಡೆಯ ಬಿರುಕುಗಳಲ್ಲಿ ಉಣ್ಣಿ ಹುಡುಕುತ್ತಿದ್ದರು. ನನ್ನನ್ನು ಕಂಡು ಕೇಳಿದರು, "ಈ ಗೋಡೆಗೆ ಔಷಧಿ ಹೊಡಿಸೋಕೆ ಎಷ್ಟಾಗ್ತೈತಪ್ಪಾ?"